ಪದಚರ್ಚೆ: ಯಹೂದಿ ಅಡ್ಡಹೆಸರುಗಳಲ್ಲಿ ತಾಯಂದಿರ ಹೆಸರು – ಕನ್ನಡದಲ್ಲೂ ಇಂಥವು ಇವೆಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪ್ರಶ್ನೆ ಕೇಳುವುದಿದೆ. ಅದಕ್ಕೂ ಮೊದಲು ಹಿನ್ನೆಲೆ ಹೇಳಬೇಕು. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಇತ್ತೀಚೆಗೆ ಒಂದು ಅನುವಾದದ ಕರಡು ನೋಡುತ್ತಿದ್ದೆ. ಯುರೋಪಿನ ವಿಜ್ಞಾನಿಗಳು, ಸಂಗೀತಗಾರರ ಪರಿಚಯ ಲೇಖನಗಳು. ಅನುವಾದಕರು ತುಂಬ ಆಸಕ್ತಿಯಿಂದ ಯಹೂದಿ ಹೆಸರುಗಳಿಗೆಲ್ಲ ಅಡಿಟಿಪ್ಪಣಿಯಲ್ಲಿ ಅರ್ಥ ಕೊಟ್ಟಿದ್ದರು. ಕಾಟ್ಸ್ ಎಂದರೆ ಬೆಕ್ಕು. ಶಾಟ್ಸ್ ಎಂದರೆ ನಿಧಿ. ಪರ್ಲ್‌ಮನ್ ಎಂದರೆ ಮುತ್ತಿನ ವ್ಯಾಪಾರಿ. ಜರ್ಮನ್ ನಿಘಂಟು ತೆಗೆದು ನೋಡಿದರೆ ಎಲ್ಲವೂ ಸರಿ ಅಂತಲೇ ಅನ್ನಿಸುತ್ತದೆ. ಆದರೆ ಈ ಹೆಸರುಗಳ ವಿಷಯದಲ್ಲಿ ನಿಘಂಟನ್ನು ನಂಬಿದರೆ ಕೆಟ್ಟೆವು. ಮೊದಲು ಯಾವ ಭಾಷೆಯ ಹೆಸರು, ಯಾವ ಊರಲ್ಲಿ ಹುಟ್ಟಿತು, ಯಾರು ಇಟ್ಟರು ಎಂದು ಕೇಳಬೇಕು. ಅರ್ಥದ ಮಾತು ಆಮೇಲೆ.

ಕಾಟ್ಸ್ ಹೆಸರನ್ನೇ ನೋಡಿ. ಇದು ಹೀಬ್ರೂವಿನ ಎರಡು ಪದಗಳ ಮೊದಲಕ್ಷರ ಸೇರಿ ಆದ ಹೆಸರು: ಕೋಹೆನ್ ಟ್ಸೆದೆಕ್. ಧರ್ಮನಿಷ್ಠ ಪುರೋಹಿತ ಎಂದು ಅರ್ಥ. ಮೋಶೆಯ ಅಣ್ಣ ಆರೋನನ ವಂಶದವರು ಎಂದು ಹೇಳಿಕೊಳ್ಳುವ ಪುರೋಹಿತ ಮನೆತನಗಳಿಗೆ ಕೋಹೆನ್ ಎನ್ನುತ್ತಾರೆ. ಯುರೋಪಿನ ಹಳೆಯ ಯಹೂದಿ ಸ್ಮಶಾನಗಳಲ್ಲಿ ಕಾಟ್ಸ್ ಮನೆತನದವರ ಗೋರಿಕಲ್ಲಿನ ಮೇಲೆ ಎಷ್ಟೋ ಕಡೆ ಎರಡು ಕೈ ಕೆತ್ತಿರುತ್ತಾರೆ. ಹೆಬ್ಬೆರಳು ಒಂದಕ್ಕೊಂದು ತಾಗಿವೆ, ಉಳಿದ ಬೆರಳುಗಳು ಎರಡೆರಡಾಗಿ ಅಗಲಿವೆ. ಅದು ಕೋಹೆನ್ ಜನರು ಸಭೆಗೆ ಆಶೀರ್ವಾದ ಮಾಡುವಾಗ ಕೈ ಹಿಡಿಯುವ ರೀತಿ. ಬೆಕ್ಕಿಗೆ ಅಲ್ಲಿ ಜಾಗವೇ ಇಲ್ಲ. ಶಾಟ್ಸ್ ಕೂಡ ಹಾಗೆಯೇ: ಶಲಿಯಾಖ್ ಟ್ಸಿಬ್ಬುರ್, ಅಂದರೆ ಸಭೆಯ ಪರವಾಗಿ ಪ್ರಾರ್ಥನೆ ನಡೆಸುವವನು. ಸೆಗಲ್ ಎಂಬ ಹೆಸರೂ ಇದೇ ಜಾತಿಯದು. ದೇವಾಲಯದಲ್ಲಿ ಪುರೋಹಿತರಿಗೆ ನೆರವಾಗುತ್ತಿದ್ದ ಲೇವಿ ಕುಲದವರ ಸಂಕ್ಷಿಪ್ತ ಹೆಸರು ಅದು.

ಕೋಹೆನ್ ಒಂದೇ ಹೆಸರು ನಾಡಿನಿಂದ ನಾಡಿಗೆ ಎಷ್ಟು ವೇಷ ಹಾಕಿದೆ ನೋಡಿ. ಜರ್ಮನಿಯಲ್ಲಿ ಕಾನ್. ರಷ್ಯನ್ ಭಾಷೆಯಲ್ಲಿ ಹಕಾರ ಇಲ್ಲ, ಅದರ ಜಾಗದಲ್ಲಿ ಗಕಾರ ಬರುತ್ತಿತ್ತು. ಹಾಗಾಗಿ ಅಲ್ಲಿ ಕೋಗನ್, ಕಗಾನ್. ಈ ಹ-ಗ ಬದಲಾವಣೆ ಗೊತ್ತಿದ್ದರೆ ಇನ್ನೊಂದು ಗಂಟೂ ಬಿಚ್ಚಿಕೊಳ್ಳುತ್ತದೆ. ಪಿಯಾನೋ ವಾದಕ ವ್ಲಾದಿಮಿರ್ ಹೊರೊವಿಟ್ಸ್ ಹೆಸರು ನೀವು ಕೇಳಿರಬಹುದು. ಮಿಗ್ ವಿಮಾನದ ಹೆಸರಲ್ಲಿ ಗಕಾರ ಬಂದದ್ದು ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಮಿಖಾಯಿಲ್ ಗುರೆವಿಚ್ ಅವರಿಂದ. ಹೊರೊವಿಟ್ಸ್, ಗುರೆವಿಚ್ ಎರಡೂ ಒಂದೇ ಹೆಸರು. ಎರಡರ ಮೂಲವೂ ಬೊಹೆಮಿಯಾದ, ಅಂದರೆ ಈಗಿನ ಚೆಕ್ ದೇಶದ, ಹೊರ್ಷೊವಿಟ್ಸೆ ಎಂಬ ಪುಟ್ಟ ಊರು. ನಮ್ಮ ವಾಯುಪಡೆ ದಶಕಗಳ ಕಾಲ ಹಾರಿಸಿದ ವಿಮಾನದ ಹೆಸರಲ್ಲಿ ಆ ಊರಿನ ತುಣುಕೊಂದು ಇತ್ತು ಎಂದರೆ ಸೋಜಿಗ ಅಲ್ವಾ?

ಊರಿನ ಹೆಸರಿನಿಂದ ಬಂದವು ಬೇಕಾದಷ್ಟಿವೆ. ಶಪಿರೋ ಬಂದದ್ದು ರೈನ್ ನದಿಯ ದಡದ ಶ್ಪೈಯರ್‌ನಿಂದ. ಹಾಲ್ಪೆರ್ನ್ ಬಂದದ್ದು ಹೈಲ್‌ಬ್ರೊನ್‌ನಿಂದ. ರೋಥ್‌ಶಿಲ್ಡ್ ಮಾತ್ರ ಊರಲ್ಲ, ಮನೆಯ ಗುರುತು. ಫ್ರಾಂಕ್‌ಫರ್ಟಿನ ಯಹೂದಿ ಕೇರಿಯಲ್ಲಿ ಮನೆಗಳಿಗೆ ನಂಬರು ಇರಲಿಲ್ಲ, ಚಿಹ್ನೆ ಇತ್ತು. ಕೆಂಪು ಫಲಕದ ಮನೆಯವರು ಆ ಮನೆ ಬಿಟ್ಟು ಬೇರೆ ಮನೆಗೆ ಹೋದರೂ ಹೆಸರು ಬಿಡಲಿಲ್ಲ.

ಕಸುಬಿನ ಹೆಸರುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ದರ್ಜಿ ಒಬ್ಬನೇ, ಹೀಬ್ರೂವಿನಲ್ಲಿ ಖಯಾತ್, ಜರ್ಮನ್‌ನಲ್ಲಿ ಶ್ನೈಡರ್, ರಷ್ಯನ್‌ನಲ್ಲಿ ಪೊರ್ತ್ನೊಯ್. ಅರಬ್ ನಾಡುಗಳಲ್ಲಿ ಕಮ್ಮಾರನಿಗೆ ಹದ್ದಾದ್. ಬಾಗ್ದಾದಿನಿಂದ ಮುಂಬಯಿಗೆ ಬಂದ ಸಸ್ಸೂನ್ ಮನೆತನದ ಹೆಸರಿಗೆ ಹೀಬ್ರೂವಿನಲ್ಲಿ ಸಂತೋಷ ಎಂದು ಅರ್ಥ. ಮುಂಬಯಿಯ ಸಸ್ಸೂನ್ ಡಾಕ್, ಪುಣೆಯ ಸಸ್ಸೂನ್ ಆಸ್ಪತ್ರೆ ಎರಡೂ ಅದೇ ಹೆಸರು.

ಅಷ್ಕೆನಾಜಿ ಎಂಬ ಹೆಸರಿನ ಕತೆ ನನಗೆ ಬಹಳ ಇಷ್ಟ. ಅಷ್ಕೆನಾಜ್ ಎಂದರೆ ಹಳೆಯ ಹೀಬ್ರೂವಿನಲ್ಲಿ ಜರ್ಮನ್ ನಾಡು. ಈ ಅಡ್ಡಹೆಸರು ಜರ್ಮನ್ ಯಹೂದಿಗಳಲ್ಲಿ ಜಾಸ್ತಿ ಇರಬೇಕು ಎಂದುಕೊಳ್ಳುತ್ತೇವೆ. ನಿಜಕ್ಕೂ ಇದು ಹುಟ್ಟಿಕೊಂಡದ್ದು ಟರ್ಕಿ, ಇಟಲಿ ಕಡೆ. ಸ್ಪೇನ್ ಮೂಲದ ಯಹೂದಿಗಳ ನಡುವೆ ಹೋಗಿ ನೆಲೆಸಿದ ಜರ್ಮನ್ ಯಹೂದಿಯನ್ನು ಅಲ್ಲಿಯವರು ಹಾಗೆ ಕರೆದರು. ಜರ್ಮನಿಯಲ್ಲೇ ಇದ್ದವನನ್ನು ಯಾರೂ ಹಾಗೆ ಕರೆಯಬೇಕಾಗಿರಲಿಲ್ಲ. ಬೀಳಗಿಯಲ್ಲಿ ಹುಟ್ಟಿದ ಗಾಯಕಿ ಅಮೀರ್‌ಬಾಯಿ ಮುಂಬಯಿಗೆ ಹೋದ ಮೇಲೆ ‘ಕರ್ನಾಟಕಿ’ ಎಂದು ಹೆಸರಾದದ್ದನ್ನು ನೆನೆದರೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು ನನ್ನ ನಿಜವಾದ ವಿಷಯಕ್ಕೆ ಬರುತ್ತೇನೆ.

ಯುರೋಪಿನ ಬಹುಪಾಲು ಯಹೂದಿಗಳಿಗೆ 18ನೇ ಶತಮಾನದ ಕೊನೆಯವರೆಗೂ ವಂಶದಿಂದ ವಂಶಕ್ಕೆ ಬರುವ ಅಡ್ಡಹೆಸರು ಇರಲಿಲ್ಲ. ಇಂಥವನ ಮಗ ಇಂಥವನು, ಅಷ್ಟೇ. ಅಪ್ಪನ ಹೆಸರಿನ ಮೊದಲಕ್ಷರವನ್ನು ಇನಿಷಿಯಲ್ ಮಾಡಿಕೊಳ್ಳುವ ನಮ್ಮ ಹಳೇ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆರಿಗೆಗೆ, ಸೈನ್ಯದ ಭರ್ತಿಗೆ ಸರ್ಕಾರಗಳಿಗೆ ಖಾಯಂ ಹೆಸರು ಬೇಕಾಯಿತು. ಆಸ್ಟ್ರಿಯಾದ ಚಕ್ರವರ್ತಿ ಎರಡನೇ ಜೋಸೆಫ್ 1787ರಲ್ಲಿ ಆಜ್ಞೆ ಹೊರಡಿಸಿದ. ರಷ್ಯಾದಲ್ಲಿ 1804, ನೆಪೋಲಿಯನ್ನನ ಫ್ರಾನ್ಸಿನಲ್ಲಿ 1808, ಪ್ರಷ್ಯಾದಲ್ಲಿ 1812. ಗೋಲ್ಡ್‌ಬರ್ಗ್, ರೋಸೆಂತಾಲ್‌ನಂಥ ಚಂದದ ಹೆಸರುಗಳಲ್ಲಿ ಹೆಚ್ಚಿನವು ಈ ಕಾಲದಲ್ಲಿ ಬಂದವು. ಚಿನ್ನದ ಬೆಟ್ಟ, ಗುಲಾಬಿ ಕಣಿವೆ ಎಂಬ ಅರ್ಥಕ್ಕೆ ಮನೆತನದ ಚರಿತ್ರೆಯೊಂದಿಗೆ ಯಾವ ನಂಟೂ ಇರಬೇಕಾಗಿಲ್ಲ. ಸುಮ್ನೆ ಕೇಳಲು ಚೆನ್ನಾಗಿತ್ತು, ಇಟ್ಟುಕೊಂಡರು.

ರಷ್ಯಾ ಸಾಮ್ರಾಜ್ಯದಲ್ಲಿ ಹೆಸರು ಇಡುವ ಕೆಲಸ ಬಹುಮಟ್ಟಿಗೆ ಊರಿನ ಯಹೂದಿ ಮಂಡಳಿಗಳ ಕೈಯಲ್ಲಿತ್ತು. ಅವಕ್ಕೆ ಕಹಾಲ್ ಎನ್ನುತ್ತಿದ್ದರು. ಒಂದೊಂದು ಸೀಮೆಯಲ್ಲಿ ಒಂದೊಂದು ರೂಢಿ ಬೆಳೆಯಿತು. ಈಗಿನ ಬೆಲಾರುಸ್‌ನ ಪೂರ್ವದಲ್ಲಿ, ಮುಖ್ಯವಾಗಿ ಮೊಗಿಲ್ಯೋವ್ ಸುತ್ತಮುತ್ತ, ಸಾವಿರಾರು ಮನೆಗಳಿಗೆ ಹೆಂಗಸಿನ ಹೆಸರನ್ನೇ ಅಡ್ಡಹೆಸರು ಮಾಡಿದರು. ರಿವ್ಕಾಳಿಂದ ರಿವ್ಕಿನ್. ದ್ವೋರಾಳಿಂದ ದ್ವೋರ್ಕಿನ್. ಸಾರಾಳನ್ನು ಮನೆಯಲ್ಲಿ ಸೋರ್ಕೆ ಎಂದು ಕರೆಯುತ್ತಿದ್ದರು, ಅವಳಿಂದ ಸೋರ್ಕಿನ್. ಮಲ್ಕಾಳಿಂದ ಮಲ್ಕಿನ್. ಬೇಲಾಳಿಂದ ಬೇಲಿನ್. ಮಲ್ಕಾ ಎಂದರೆ ಹೀಬ್ರೂವಿನಲ್ಲಿ ರಾಣಿ. ಹಾಗಂತ ಮಲ್ಕಿನ್ ಮನೆಯವರನ್ನು ರಾಜವಂಶದವರು ಎಂದು ಬರೆದರೆ ಮತ್ತೆ ಬೆಕ್ಕಿನ ಕತೆಯೇ.

ಇಲ್ಲಿರುವ ವ್ಯಾಕರಣ ನಮಗೆ ಸಲೀಸಾಗಿ ಹಿಡಿಸುತ್ತದೆ. ರಷ್ಯನ್‌ನಲ್ಲಿ ಆಕಾರದಲ್ಲಿ ಕೊನೆಯಾಗುವ ಹೆಸರಿಗೆ ‘ಇನ್’ ಸೇರಿಸಿದರೆ ‘ಅವರ, ಅವರಿಗೆ ಸೇರಿದ’ ಎಂದಾಗುತ್ತದೆ. ವ್ಯಂಜನದಲ್ಲಿ ಕೊನೆಯಾದರೆ ‘ಒವ್’. ಅಬ್ರಾಮ್ ಇದ್ದದ್ದು ಅಬ್ರಾಮೊವ್, ರಿವ್ಕಾ ಇದ್ದದ್ದು ರಿವ್ಕಿನ್. ಅಂದರೆ ರಿವ್ಕಿನ್ ಎಂಬುದು ನೆಟ್ಟಗೆ ‘ರಿವ್ಕಾಳ’. ನಮ್ಮ ಷಷ್ಠಿ ವಿಭಕ್ತಿಯೇ. ಬೆಲ್ಲದ, ತುಪ್ಪದ, ಜೋಳದ ಎಂಬ ಉತ್ತರ ಕರ್ನಾಟಕದ ಅಡ್ಡಹೆಸರುಗಳೂ ಷಷ್ಠಿಯಲ್ಲೇ ನಿಂತಿವೆ, ಮುಂದಿನ ಪದ ಬಿಟ್ಟುಹೋಗಿದೆ.

ಪೋಲೆಂಡಿನ ಕಡೆ ಇನ್ನೊಂದು ದಾರಿ. ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿದ್ದಿಷ್ ಭಾಷೆಯಲ್ಲಿ ಹೆಂಗಸಿನ ಹೆಸರಿಗೆ ‘ಮನ್’ ಸೇರಿಸಿದರೆ ಅವಳ ಗಂಡ ಎಂದು ಅರ್ಥ ಬರುತ್ತದೆ. ಎಸ್ಟರ್ ಎಂಬವಳ ಗಂಡ ಎಸ್ಟರ್‌ಮನ್. ಪರ್ಲ್ ಎಂಬವಳ ಗಂಡ ಪರ್ಲ್‌ಮನ್. ಪರ್ಲ್ ಆ ಕಾಲದಲ್ಲಿ ಮನೆಮನೆಯಲ್ಲಿದ್ದ ಹೆಂಗಸಿನ ಹೆಸರು. ನಮ್ಮಲ್ಲಿ ಮುತ್ತಮ್ಮ, ಮುತ್ತವ್ವ ಇದ್ದ ಹಾಗೆ. ಮುತ್ತಿನ ವ್ಯಾಪಾರ ಮಾಡಿದ ಒಂದೆರಡು ಪರ್ಲ್‌ಮನ್ ಮನೆಗಳು ಎಲ್ಲೋ ಇದ್ದಿರಬಹುದು. ಆದರೆ ಹೆಚ್ಚಿನವರ ಹಿಂದೆ ಇರುವವಳು ಒಬ್ಬ ಪರ್ಲ್.

ಯಾಕೆ ಹೆಂಗಸರ ಹೆಸರು? ಒಂದು ಕಾರಣ ಸಂತೆ. ಪೂರ್ವ ಯುರೋಪಿನ ಸಣ್ಣ ಊರುಗಳಲ್ಲಿ ಗಂಡ ಧರ್ಮಗ್ರಂಥ ಓದುತ್ತ ಕೂತರೆ ಅಂಗಡಿ ನಡೆಸುತ್ತಿದ್ದವಳು ಹೆಂಡತಿ. ಊರವರಿಗೆ ಗೊತ್ತಿದ್ದದ್ದು ಅವಳ ಹೆಸರು. ಗಂಡ ಸತ್ತ ಮೇಲೆ ಮನೆ ನಡೆಸಿದ ವಿಧವೆಯರೂ ಬಹಳ. ಇದಕ್ಕೆ ತುಂಬ ಹಳೆಯ, ಹೆಸರಾಂತ ಉದಾಹರಣೆ ಒಂದಿದೆ. ಮಹರ್ಷಾ ಎಂದು ಪ್ರಸಿದ್ಧರಾದ, ಯಹೂದಿ ಧರ್ಮಶಾಸ್ತ್ರದ ಮುಖ್ಯ ಗ್ರಂಥವಾದ ತಾಲ್ಮುದ್‌ನ ವ್ಯಾಖ್ಯಾನಕಾರ ಶ್ಮುಯೆಲ್ ಏಡೆಲ್ಸ್, 1631ರಲ್ಲಿ ತೀರಿಕೊಂಡವರು. ಪೋಜ್ನಾನ್ ನಗರದಲ್ಲಿ ಅವರ ಪಾಠಶಾಲೆಯನ್ನು, ಅಲ್ಲಿನ ವಿದ್ಯಾರ್ಥಿಗಳ ಊಟ-ವಸತಿಯನ್ನು ಸುಮಾರು 20 ವರ್ಷ ತನ್ನ ಖರ್ಚಿನಲ್ಲಿ ನಡೆಸಿದವಳು ಅವರ ಹೆಂಡತಿಯ ತಾಯಿ ಏಡೆಲ್. ಆ ಋಣಕ್ಕೆ ಅಳಿಯ ಅತ್ತೆಯ ಹೆಸರನ್ನೇ ತನ್ನ ಹೆಸರು ಮಾಡಿಕೊಂಡರು. ಏಡೆಲ್ಸ್, ಅಂದರೆ ಏಡೆಲಳ. ಇವತ್ತಿಗೂ ತಾಲ್ಮುದ್ ಓದುವವರು ಅವರ ವ್ಯಾಖ್ಯಾನ ಬಿಟ್ಟು ಮುಂದೆ ಹೋಗುವುದಿಲ್ಲ.

ಇನ್ನೊಂದು ರೂಢಿಯನ್ನೂ ಇಲ್ಲಿ ಹೇಳಬೇಕು. ಪ್ರಾರ್ಥನಾ ಮಂದಿರದಲ್ಲಿ ಗ್ರಂಥ ಓದಲು ಕರೆಯುವಾಗ ಅಪ್ಪನ ಹೆಸರು ಸೇರಿಸಿ ಕರೆಯುತ್ತಾರೆ. ಆದರೆ ಕಾಯಿಲೆ ಬಿದ್ದವರಿಗಾಗಿ ಪ್ರಾರ್ಥಿಸುವಾಗ ತಾಯಿಯ ಹೆಸರು ಹೇಳುತ್ತಾರೆ. ಇಂಥ ತಾಯಿಯ ಮಗ ಇಂಥವನು ಗುಣವಾಗಲಿ ಎಂದು.

ಈ ಹೆಸರುಗಳಿಗೆ ಮುಂದೆ ಏನಾಯಿತು ಎಂಬುದಕ್ಕೆ ಒಂದೇ ನಿದರ್ಶನ ಸಾಕು. ಆಧುನಿಕ ಹೀಬ್ರೂವನ್ನು ಮತ್ತೆ ಆಡುನುಡಿ ಮಾಡಲು ಜೀವಮಾನ ಸವೆಸಿದ ಎಲಿಯೇಜರ್ ಬೆನ್ ಯೆಹೂದಾ 1858ರಲ್ಲಿ ಹುಟ್ಟಿದಾಗ ಅವರ ಹೆಸರು ಎಲಿಯೇಜರ್ ಪರ್ಲ್‌ಮನ್. ಯಿದ್ದಿಷ್ ಹೆಸರು ಬೇಡ ಎಂದು ಅಪ್ಪ ಯೆಹೂದಾನ ಹೆಸರಿನಿಂದ ಹೊಸದನ್ನು ಕಟ್ಟಿಕೊಂಡರು. ಅಲ್ಲಿಂದ ಮುಂದೆ ಇಂಥ ಬದಲಾವಣೆ ಒಂದು ಅಲೆಯೇ ಆಯಿತು. ಮುಂದೆ ಇಸ್ರೇಲಿನ ಮೊದಲ ಪ್ರಧಾನಿಯಾದ ಡೇವಿಡ್ ಗ್ರ್ಯೂನ್ ಅವರು ಬೆನ್ ಗುರಿಯನ್ ಆದರು. ಭಾಷೆಗಾಗಿ ಅಷ್ಟು ದುಡಿದವರ ಬಗ್ಗೆ ನನಗೆ ಅಪಾರ ಗೌರವ. ಆದರೂ ಪರ್ಲ್‌ಮನ್ ಹೋಗಿ ಬೆನ್ ಯೆಹೂದಾ ಬಂದಾಗ ಒಬ್ಬ ಅಜ್ಜಿಯ ಹೆಸರು ಅಳಿಸಿತು ಎಂದು ನನಗೆ ಬೇಸರವಾಗುತ್ತದೆ.

ನಮ್ಮ ದೇಶದ ಬೆನೆ ಇಸ್ರೇಲ್ ಯಹೂದಿಗಳನ್ನು ಬಿಟ್ಟರೆ ಈ ಮಾತು ಅರ್ಧವಾದೀತು. ಕೊಂಕಣ ಕರಾವಳಿಯಲ್ಲಿ ನೆಲೆಸಿ ಮರಾಠಿ ಆಡಿದವರು ಇವರು. ಗಾಣ ಆಡಿಸುತ್ತಿದ್ದರು, ಶನಿವಾರ ಕೆಲಸ ಮಾಡುತ್ತಿರಲಿಲ್ಲ. ಅದಕ್ಕೇ ಸುತ್ತಲಿನವರು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಎನ್ನುತ್ತಿದ್ದರು. ಇವರ ಅಡ್ಡಹೆಸರುಗಳು ಪಕ್ಕಾ ಕೊಂಕಣದವು: ಪೆಣದವರು ಪೆಣಕರ್, ರೋಹೆಯವರು ರೋಹೆಕರ್, ನವಗಾಂವದವರು ನವಗಾಂವಕರ್. ಮುಂಬಯಿಯ ಹೆಸರಾಂತ ಪ್ರಸೂತಿ ವೈದ್ಯೆ, 1966ರಲ್ಲಿ ಪದ್ಮಶ್ರೀ ಪಡೆದ ಜೆರುಷಾ ಝಿರಾಡ್ ಈ ಸಮುದಾಯದವರು. ಝಿರಾಡ್ ಎಂಬುದು ಅಲಿಬಾಗಿನ ಹತ್ತಿರದ ಒಂದು ಹಳ್ಳಿ. ಅವರು 1891ರಲ್ಲಿ ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ. ಕೊಂಕಣದ ಈ ಹೆಸರುಗಳಲ್ಲಿ ನಾನು ನೋಡಿದ ಮಟ್ಟಿಗೆ ಹಳ್ಳಿಗಳೇ ಇವೆ, ತಾಯಂದಿರು ಇಲ್ಲ.

ಈಗ ನನ್ನ ಪ್ರಶ್ನೆಗಳು.

ಮೊದಲನೆಯದು, ಕನ್ನಡದಲ್ಲಿ ತಾಯಿ, ಅಜ್ಜಿ ಅಥವಾ ಅತ್ತೆಯ ಹೆಸರಿನಿಂದ ಬಂದ ಅಡ್ಡಹೆಸರುಗಳು ನಿಮಗೆ ಗೊತ್ತೇ? ಬನವಾಸಿಯ ಕದಂಬರು, ಬಾದಾಮಿಯ ಚಾಲುಕ್ಯರು ಶಾಸನಗಳಲ್ಲಿ ತಮ್ಮನ್ನು ಹಾರಿತೀಪುತ್ರರು ಎಂದು ಕರೆದುಕೊಂಡದ್ದು ಗೊತ್ತಿದೆ. ಅದು ಅರಸರ ಬಿರುದು, ನಾನು ಕೇಳುತ್ತಿರುವುದು ಅದನ್ನಲ್ಲ. ತುಳುನಾಡಿನಲ್ಲಿ ‘ಬಳಿ’, ಅಂದರೆ ಕುಲ, ತಾಯಿಯ ಕಡೆಯಿಂದ ಬರುತ್ತದೆ, ನಿಜ. ಆದರೆ ಬಳಿಯ ಹೆಸರು ಆ ತಾಯಿಯ ಹೆಸರಲ್ಲ. ನನಗೆ ಬೇಕಾಗಿರುವುದು ರಿವ್ಕಿನ್ ತರಹದ್ದು. ಧಾರವಾಡ, ಹಾವೇರಿ, ಬೆಳಗಾವಿ ಕಡೆ ಬಸಪ್ಪನವರ, ಹನುಮಣ್ಣವರ ಎಂದು ಗಂಡಸರ ಹೆಸರಿನ ಅಡ್ಡಹೆಸರು ಧಾರಾಳವಾಗಿವೆ. ಅದೇ ಅಚ್ಚಿನಲ್ಲಿ ‘ಅವ್ವನವರ’, ‘ಅಮ್ಮನವರ’ ಎಂದು ಕೊನೆಯಾಗುವವು ಇದ್ದರೆ, ಅವು ಊರ ದೇವಿಯ ಹೆಸರಿನಿಂದ ಬಂದವೋ, ಮನೆಯ ಹಿರಿಯಳ ಹೆಸರಿನಿಂದ ಬಂದವೋ? ಮನೆಯವರು ಏನು ಹೇಳುತ್ತಾರೆ? ಊರು, ತಾಲೂಕು ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಜನರ ಪೂರ್ತಿ ಹೆಸರು ಬೇಡ, ಅಡ್ಡಹೆಸರು ಸಾಕು.

ಎರಡನೆಯದು, ಇಂಥ ಹೆಸರುಗಳಿಗೆ ಕನ್ನಡದಲ್ಲಿ ಏನೆನ್ನೋಣ? ‘ಮಾತೃನಾಮ’ ಎಂದರೆ ತಾಯಿಯ ಹೆಸರು ಎಂದಷ್ಟೇ ಆಗುತ್ತದೆ, ಫಾರಂ ತುಂಬುವ ಕಾಲಮ್ಮಿನ ಹಾಗೆ. ನಾನು ಸದ್ಯಕ್ಕೆ ‘ತಾಯ್ಬಳಿ ಹೆಸರು’ ಎಂದು ಬರೆದುಕೊಳ್ಳುತ್ತಿದ್ದೇನೆ. ಆದರೆ ಏಡೆಲ್ ಅತ್ತೆ, ಪರ್ಲ್ ಹೆಂಡತಿ. ಅವರನ್ನು ‘ತಾಯ್ಬಳಿ’ ಒಳಗೊಳ್ಳುವುದಿಲ್ಲ. ‘ಹೆಣ್ಬಳಿ ಹೆಸರು’ ಎಂದರೆ ಹೇಗೆ? ಶಾಸನ ಓದುವವರು, ಉತ್ತರ ಕರ್ನಾಟಕದ ಗೆಳೆಯರು ಇದಕ್ಕೆ ಏನು ಹೇಳುತ್ತೀರಿ ತಿಳಿಸಿ. ಅನುವಾದದ ಟಿಪ್ಪಣಿಗಳನ್ನು ಮತ್ತೆ ಬರೆಯುವ ಕೆಲಸ ಬಾಕಿ ಇದೆ. ಅಲ್ಲಿ ಇದೇ ಪದ ಬಳಸುವ ಆಸೆ.