ಪದಚರ್ಚೆ: ಎರಡೂ ಕಡೆಯಿಂದ ಒಂದೇ ಆಗಿ ಓದುವ ಸಂಖ್ಯೆಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ.

ಆರನೇ ತರಗತಿಯ ಮಗಳಿಗೆ ಮೊನ್ನೆ 111111 ಅನ್ನು 111111ರಿಂದ ಗುಣಿಸಲು ಕೊಟ್ಟೆ. ಚೌಕುಳಿ ಹಾಳೆಯಲ್ಲಿ ಆರು ಸಾಲು ಬರೆದಳು. ಪ್ರತಿ ಸಾಲಲ್ಲೂ ಆರು ಒಂದುಗಳು, ಪ್ರತಿ ಸಲ ಒಂದು ಮನೆ ಎಡಕ್ಕೆ. ಕೂಡಿದರೆ 12345654321! ಬಲತುದಿಯಲ್ಲಿ ಒಂದೇ ಒಂದು, ಅದರ ಪಕ್ಕ ಎರಡು, ಹಾಗೇ ಏರುತ್ತಾ ನಡುವಿನ ಕಂಬದಲ್ಲಿ ಆರು, ಆಮೇಲೆ ಇಳಿತ. ಯಾವ ಕಂಬವೂ ಒಂಬತ್ತನ್ನು ದಾಟದ್ದರಿಂದ ಪಕ್ಕದ ಮನೆಗೆ ದಶಕ ಹೋಗುವುದೇ ಇಲ್ಲ. ಒಂಬತ್ತು ಒಂದುಗಳವರೆಗೂ ಹೀಗೇ. ಹತ್ತು ಒಂದುಗಳನ್ನು ಇಟ್ಟರೆ 1234567900987654321 ಬಂದು ಚೆಂದ ಕೆಡುತ್ತದೆ.

"ಅಮ್ಮಾ, ಇಂಥ ನಂಬರಿಗೆ ಏನಂತಾರೆ?" ಅಂದಳು. ಪ್ಯಾಲಿಂಡ್ರೋಮ್ ಅಂದೆ, ಆದರೆ ಮನಸ್ಸು ಒಪ್ಪಲಿಲ್ಲ.

ಯಾಕಂದರೆ ಈ ಸಂಖ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಇದೇ 12345654321 ಬರುತ್ತದೆ. ಒಂದರಿಂದ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಇಳಿಯುವುದು ಅಂತ ಅದನ್ನು ಬಣ್ಣಿಸಿದ್ದಾರೆ. ಅಲ್ಲಿ ಅದು 27994681 ಮತ್ತು 441ರ ಗುಣಲಬ್ಧ. 441 ಅಂದರೆ 21ರ ವರ್ಗ, ಇನ್ನೊಂದು 5291ರ ವರ್ಗ. 21 ಮತ್ತು 5291 ಗುಣಿಸಿದರೆ ಮತ್ತೆ ನಮ್ಮ 111111! ಇದು ಗೊತ್ತಾದ ದಿನ ನನಗೆ ರಾತ್ರಿ ಬೇಗ ನಿದ್ದೆ ಬರಲಿಲ್ಲ. ಇಂಥ ಕೆಲವು ಗುಣಲಬ್ಧಗಳನ್ನು ಅವರು ಕೊರಳ ಆಭರಣಕ್ಕೆ, ಕಂಠಿಕೆಗೆ ಹೋಲಿಸುತ್ತಾರೆ.

ಈಗ ಪದದ ವಿಷಯ. 'ಹಾರಸಂಖ್ಯೆ' ಅನ್ನಬಹುದಿತ್ತು. ಆದರೆ ಲೆಕ್ಕದಲ್ಲಿ ಹಾರ ಅಂದರೆ ಭಾಗಿಸುವುದು ಅನ್ನುವ ಅರ್ಥವೂ ಇದೆ, ಭಾಗಹಾರದಲ್ಲಿ ಇರುವುದು ಅದೇ. ಮಕ್ಕಳಿಗೆ ಗೊಂದಲ. 'ಗತಪ್ರತ್ಯಾಗತ', ಅಂದರೆ ಹಿಂದಿನಿಂದ ಓದಿದರೂ ಅದೇ ಬರುವುದು, ಕಾವ್ಯದವರ ಮಾತು. 'ಕುಬೇರನಿಗೇನಿರಬೇಕು' ಅನ್ನುವಂಥ ಸಾಲಿಗೆ ಸರಿ, ಆದರೆ ಮಗು ಅದನ್ನು ಉಚ್ಚರಿಸುವಷ್ಟರಲ್ಲಿ ಲೆಕ್ಕ ಮರೆತಿರುತ್ತದೆ. 'ಇಮ್ಮೊಗ ಸಂಖ್ಯೆ' ಹಗುರವಾಗಿದೆ, ಆದರೆ ಎರಡು ಬೇರೆ ಬೇರೆ ಮುಖ ಅಂತ ಕೇಳಿಸುತ್ತದೆ. ಇಲ್ಲಿ ಎರಡೂ ಕಡೆ ಒಂದೇ ಅಲ್ವಾ?

ನನ್ನ ಒಲವು 'ಕಂಠಿ ಸಂಖ್ಯೆ' ಕಡೆಗೆ. ಕಂಠೀಹಾರ ಎಲ್ಲರಿಗೂ ಗೊತ್ತು. ಮಣಿಸರವನ್ನು ಪದಕದ ಹತ್ತಿರ ಮಡಚಿ ಹಿಡಿದರೆ ಎರಡೂ ಎಳೆಯ ಮಣಿಗಳು ಜೋಡಿ ಜೋಡಿಯಾಗಿ ಕೂರುತ್ತವೆ. ನಮ್ಮ ಸಂಖ್ಯೆಯಲ್ಲಿ ಆ ಪದಕ 6. ಇನ್ನೊಂದು ಮಾತು: ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಅಂತ ಓದಿದರೆ ಈ ಹೊಂದಿಕೆ ಕಿವಿಗೆ ಬೀಳುವುದೇ ಇಲ್ಲ. ಅಂಕಿಗಳನ್ನು ಮಣಿಗಳ ಹಾಗೆ ಒಂದೊಂದಾಗಿ ಎಣಿಸಬೇಕು. ಅದಕ್ಕೂ ಸರದ ಹೆಸರೇ ಒಪ್ಪುತ್ತದೆ.

ನಿಮ್ಮ ಕಡೆ ಇದಕ್ಕೆ ಬೇರೆ ಮಾತು ಇದೆಯೇ? ಸರ ಪೋಣಿಸುವವರು ಎರಡೂ ಬದಿ ಸರಿಸಮ ಇರುವುದಕ್ಕೆ ಏನನ್ನುತ್ತಾರೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ.