ಬದುಕೇ ಸಾಕ್ಷಿಯಾಗಿರುವಾಗ ನಂಬಿಕೆಯನ್ನು ಬಾಯಿಬಿಟ್ಟು ಹೇಳಬೇಕೇ?

ಮೌನಪ್ರಿಯ (ಪ್ರಶ್ನೆ):
ನಾನು ಕ್ರೈಸ್ತ ವಿಶ್ವಾಸಿ. ಪ್ರಾರ್ಥನೆ, ಆರಾಧನೆ, ಕೈಲಾದ ಸೇವೆ ಇವುಗಳಲ್ಲಿ ನನಗೆ ಹಿಂಜರಿಕೆಯಿಲ್ಲ. ಆದರೆ ನಂಬಿಕೆಯನ್ನು ಇತರರಿಗೆ ತಿಳಿಸಬೇಕೆಂದು ಸಭಾಪಾಲಕರು ಹೇಳಿದಾಗಲೆಲ್ಲ ಮನಸ್ಸು ಹಿಂದೆಗೆಯುತ್ತದೆ. ಎದುರಿನವರಿಗೂ ಅವರದೇ ಆದ ನಂಬಿಕೆಯಿರುವಾಗ ನನ್ನದನ್ನು ಅವರ ಮುಂದಿಡುವುದು ಅಹಂಕಾರವೆನಿಸುವುದಿಲ್ಲವೇ? ಅಲ್ಲದೆ, ಹೋಗಿ ಎಲ್ಲ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿ, ದೀಕ್ಷಾಸ್ನಾನ ಕೊಟ್ಟು ಬೋಧಿಸಿರಿ ಎಂಬ ಮತ್ತಾಯನ ಸುವಾರ್ತೆಯ 28ನೆಯ ಅಧ್ಯಾಯದ ಆಜ್ಞೆಯನ್ನು ಯೇಸು ಕೊಟ್ಟದ್ದು ಹನ್ನೊಂದು ಮಂದಿ ಶಿಷ್ಯರಿಗೆ. ಅದು ನನ್ನಂಥ ಸಾಮಾನ್ಯನನ್ನೂ ಕಟ್ಟಿಹಾಕುತ್ತದೆಂದು ಯಾವ ಆಧಾರದಿಂದ ಹೇಳುತ್ತಾರೆ?

ಹಳೆಯ ಓದುಗ:
ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಬಹಳ ಹಳೆಯದು. ಆ ಆಜ್ಞೆ ಅಪೊಸ್ತಲರ, ಅಂದರೆ ಯೇಸು ತಾನೇ ಆರಿಸಿ ಕಳುಹಿಸಿದ ಶಿಷ್ಯರ, ಕಾಲಕ್ಕೇ ಮುಗಿಯಿತೆಂದು ಹದಿನೆಂಟನೆಯ ಶತಮಾನದಲ್ಲಿ ಅನೇಕರು ನಂಬಿದ್ದರು. ಮುಂದೆ ಭಾರತಕ್ಕೆ ಮಿಷನರಿಯಾಗಿ ಬಂದ ಇಂಗ್ಲೆಂಡಿನ ಪಾದ್ರಿ ವಿಲಿಯಂ ಕೇರಿ 1792ರಲ್ಲಿ ಪ್ರಕಟಿಸಿದ ಪುಸ್ತಿಕೆಯಲ್ಲಿ ಇದಕ್ಕೆ ನೇರವಾಗಿಯೇ ಉತ್ತರಿಸಿದರು: ಬೋಧಿಸುವ ಆಜ್ಞೆ ಅಪೊಸ್ತಲರಿಗೆ ಮಾತ್ರ ಸೀಮಿತವಾದರೆ, ಅದೇ ವಾಕ್ಯದಲ್ಲಿರುವ ದೀಕ್ಷಾಸ್ನಾನದ ಆಜ್ಞೆಯೂ ಅವರಿಗೇ ಸೀಮಿತವಾಗಬೇಕಲ್ಲವೇ? ಯುಗದ ಸಮಾಪ್ತಿಯವರೆಗೂ ನಿಮ್ಮ ಸಂಗಡ ಇರುತ್ತೇನೆಂಬ ವಾಗ್ದಾನವನ್ನು ನಮ್ಮದೆಂದು ಹೇಳಿಕೊಂಡು, ಅದರ ಹಿಂದಿನ ಮಾತನ್ನು ಮಾತ್ರ ಬೇರೆಯವರಿಗೆ ಬಿಟ್ಟುಕೊಡುವುದು ನ್ಯಾಯವಲ್ಲ.

ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯವನ್ನೂ ಗಮನಿಸಿ. ನಂಬಿಕೆಗಾಗಿ ಕಲ್ಲೆಸೆದು ಕೊಲ್ಲಲ್ಪಟ್ಟ ಸ್ತೆಫನನ ಮರಣದ ನಂತರ ಹಿಂಸೆ ಎದ್ದಾಗ ಅಪೊಸ್ತಲರು ಯೆರೂಸಲೇಮಿನಲ್ಲೇ ಉಳಿದರು. ಚದರಿಹೋದ ಉಳಿದ ವಿಶ್ವಾಸಿಗಳು ಹೋದಹೋದಲ್ಲಿ ಸುವಾರ್ತೆ ಸಾರಿದರು. ಅಂತಿಯೋಕ್ಯದಲ್ಲಿ ಗ್ರೀಕರಿಗೆ ಯೇಸುವಿನ ವಿಷಯ ತಿಳಿಸಿದವರು ಸೈಪ್ರಸ್ ಮತ್ತು ಕುರೇನೆಯ ಕೆಲವರೆಂದಷ್ಟೇ ಆ ಪುಸ್ತಕದ ಲೇಖಕ ಲೂಕನು ಬರೆಯುತ್ತಾನೆ, ಅವರ ಹೆಸರನ್ನೂ ಹೇಳುವುದಿಲ್ಲ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಆ ಊರಿನಲ್ಲೇ.

ಕಿರುದೀಪ:
ಆಜ್ಞೆಯೊಂದನ್ನೇ ಹಿಡಿದರೆ ಸಾಕ್ಷಿ ಹೇಳುವುದು ಕಂದಾಯ ಕಟ್ಟಿದಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮಾರ್ಕನ 5ನೆಯ ಅಧ್ಯಾಯದಲ್ಲಿ ದೆವ್ವಗಳ ಕಾಟದಿಂದ ಬಿಡುಗಡೆಯಾದವನು ಯೇಸುವಿನ ಜೊತೆಯಲ್ಲೇ ಬರಲು ಬೇಡಿಕೊಂಡಾಗ, ಮನೆಗೆ ಹೋಗಿ ಕರ್ತನು ನಿನಗೆ ಮಾಡಿದ್ದನ್ನು ನಿನ್ನವರಿಗೆ ತಿಳಿಸು ಎಂದು ಆತನು ಕಳುಹಿಸುತ್ತಾನೆ. ಆ ಮನುಷ್ಯನಿಗೆ ತರಬೇತಿಯಿರಲಿಲ್ಲ, ವಾದಗಳಿರಲಿಲ್ಲ. ತನಗೆ ಆದದ್ದು ಮಾತ್ರ ಗೊತ್ತಿತ್ತು. ಕಂಡು ಕೇಳಿದ್ದನ್ನು ಹೇಳದೆ ಇರಲಾರೆವು ಎಂದು ಪೇತ್ರ ಯೋಹಾನರು ನ್ಯಾಯಸಭೆಯ ಮುಂದೆ ಹೇಳಿದ್ದೂ ಇಂಥದೇ ಒತ್ತಡದಿಂದ.

ಇನ್ನು ಅಹಂಕಾರದ ಮಾತು. ನಾನು ಒಳ್ಳೆಯವನಾಗಿ ಬಾಳಿ ಬಾಯಿ ಮುಚ್ಚಿಕೊಂಡರೆ, ನೋಡುವವರು ಹೊಗಳುವುದು ನನ್ನನ್ನೇ. ಆ ಒಳ್ಳೆಯತನ ನನ್ನ ಸ್ವಂತದ್ದಲ್ಲ, ಕ್ಷಮೆ ಪಡೆದದ್ದರಿಂದ ಬಂದದ್ದು ಎಂದು ನಾನೇ ಹೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ? ಶಿಲುಬೆಯ ಮೇಲೆ ಏನಾಯಿತು, ಮೂರನೆಯ ದಿನ ಏನಾಯಿತು ಎಂಬುದನ್ನು ಯಾರ ಸನ್ನಡತೆಯಿಂದಲೂ ಊಹಿಸಲಾಗದು. ಸಾರುವವನಿಲ್ಲದೆ ಕೇಳುವುದು ಹೇಗೆ ಎಂದು ಪೌಲನು ರೋಮಾಪುರದವರಿಗೆ ಬರೆದದ್ದು ಇದನ್ನೇ.

ಹೊರಗಿನವ:
ನಾನು ಕ್ರೈಸ್ತನಲ್ಲ, ಆದರೂ ಒಂದು ಮಾತು. ಯಾರಾದರೂ ತಮ್ಮ ನಂಬಿಕೆಯ ಬಗ್ಗೆ ಮಾತನಾಡಿದರೆ ನನಗೆ ಬೇಸರವಿಲ್ಲ. ಸ್ನೇಹವನ್ನೇ ಗಾಳವಾಗಿ ಬಳಸುವುದು, ರೋಗ ಅಥವಾ ಬಡತನದಲ್ಲಿ ಇರುವವರ ನಿರುಪಾಯವನ್ನು ಅವಕಾಶವೆಂದು ಕಾಣುವುದು, ಬೇಡವೆಂದ ಮೇಲೂ ಬೆನ್ನು ಬಿಡದಿರುವುದು, ಇವು ನನಗೆ ಅಸಹ್ಯ. ನಾನು ಒಪ್ಪದಿದ್ದರೂ ಸ್ನೇಹ ಹಾಗೆಯೇ ಉಳಿಯುತ್ತದೆಯೇ?

ಹಳೆಯ ಓದುಗ:
ಉಳಿಯಲೇಬೇಕು, ಉಳಿಯದಿದ್ದರೆ ಅದು ಮೊದಲಿನಿಂದಲೂ ಸ್ನೇಹವಾಗಿರಲಿಲ್ಲ. ನಿರೀಕ್ಷೆಯ ಕಾರಣ ಕೇಳುವವರಿಗೆ ಉತ್ತರಿಸಲು ಸಿದ್ಧರಾಗಿರಿ ಎನ್ನುವ ಪೇತ್ರನ ಮೊದಲನೆಯ ಪತ್ರಿಕೆಯೇ ಸಾತ್ವಿಕತೆಯಿಂದಲೂ ಗೌರವದಿಂದಲೂ ಉತ್ತರಿಸಬೇಕೆನ್ನುತ್ತದೆ. ನಮ್ಮಲ್ಲಿ ಹಲವರು ಆ ವಚನದ ಮೊದಲರ್ಧವನ್ನು ಮಾತ್ರ ಕಂಠಪಾಠ ಮಾಡಿರುತ್ತಾರೆ. ಧಾರ್ಮಿಕ ಸ್ವಾತಂತ್ರ್ಯ ಕುರಿತು ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಘೋಷಣೆ, ನಂಬಿಕೆಯನ್ನು ಹರಡುವಾಗ ಬಲವಂತದ ಛಾಯೆಯೂ ಇರಬಾರದೆಂದಿತು. 2011ರಲ್ಲಿ ಚರ್ಚುಗಳ ವಿಶ್ವ ಮಂಡಳಿ, ವ್ಯಾಟಿಕನ್‌ನ ಅಂತರ್‌ಧರ್ಮೀಯ ಸಂವಾದ ಮಂಡಳಿ ಮತ್ತು ವಿಶ್ವ ಇವ್ಯಾಂಜೆಲಿಕಲ್ ಒಕ್ಕೂಟ ಸೇರಿ ಹೊರತಂದ ಶಿಫಾರಸುಗಳಲ್ಲಿ, ಸೇವಾಕಾರ್ಯಗಳೊಂದಿಗೆ ಹಣ ಮುಂತಾದ ಆಮಿಷ ಒಡ್ಡುವುದನ್ನು ಸ್ಪಷ್ಟವಾಗಿ ತಿರಸ್ಕರಿಸಲಾಗಿದೆ.

ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ನನ್ನನ್ನು ಹಿಂಬಾಲಿಸು ಎಂಬ ಯೇಸುವಿನ ಮಾತು ಕೇಳಿ ಐಶ್ವರ್ಯವಂತನೊಬ್ಬ ದುಃಖದಿಂದ ಹೊರಟುಹೋದಾಗ, ಅವನನ್ನು ಪ್ರೀತಿಸಿದ ಯೇಸುವೇ ಹಿಂದಟ್ಟಿ ಹೋಗಲಿಲ್ಲ. ನೆಟ್ಟವನು ನಾನು, ನೀರೆರೆದವನು ಅಪೊಲ್ಲೋಸ, ಬೆಳೆಸಿದವನು ದೇವರು ಎಂದ ಪೌಲನಂತೆ ಯೋಚಿಸಿದರೆ ಎಷ್ಟು ಮಂದಿ ನಂಬಿದರೆಂದು ಲೆಕ್ಕ ಒಪ್ಪಿಸುವ ಆತುರವೂ ಇಳಿಯುತ್ತದೆ.

ಮೌನಪ್ರಿಯ:
ಎಲ್ಲರಿಗೂ ವಂದನೆಗಳು. ಹೊಗಳಿಕೆ ನನಗೇ ಸಲ್ಲುತ್ತದೆಂಬ ಮಾತು ನನ್ನನ್ನು ತಟ್ಟಿತು. ಒಂದು ಸಂದೇಹ ಮಾತ್ರ ಉಳಿದಿದೆ: ಕೆಲಸದಲ್ಲಿ ನನ್ನ ಕೈಕೆಳಗೆ ಇರುವವರೊಂದಿಗೂ ನಾನೇ ಈ ಮಾತು ತೆಗೆಯಬಹುದೇ?

ಕಿರುದೀಪ:
ನಾನಾಗಿದ್ದರೆ ತೆಗೆಯುತ್ತಿರಲಿಲ್ಲ. ಅವರ ಬಡ್ತಿ, ರಜೆ ನಿಮ್ಮ ಕೈಯಲ್ಲಿರುವಾಗ ಅವರು ಬೇಡವೆನ್ನಲು ಹೆದರುತ್ತಾರೆ. ಬೇಡವೆನ್ನಲಾಗದವರು ಹೌದೆಂದರೂ ಅದಕ್ಕೆ ಅರ್ಥವಿಲ್ಲ. ಅವರಾಗಿಯೇ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿ, ಅದೂ ಕೆಲಸದ ವೇಳೆ ಮುಗಿದ ಮೇಲೆ. ಸಮಾನರಾದ ಗೆಳೆಯರಿಂದ ಆರಂಭಿಸಿ. ಅವರು ನಿಮ್ಮೊಡನೆ ಧೈರ್ಯವಾಗಿ ಜಗಳವಾಡಬಲ್ಲರು.