ಹಳೆಯ ಡೀಸೆಲ್ ಪಿಕಪ್ ಸರಿಪಡಿಸಿ ಮಾರುವುದು: ಮೆಕ್ಯಾನಿಕ್ ಜತೆ ಪ್ರಶ್ನೋತ್ತರ

ಪ್ರಶ್ನೆ 1: ನಮಸ್ಕಾರ ಸರ್. ನನ್ನ ಹಳೆಯ ಡೀಸೆಲ್ ಪಿಕಪ್ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬಿಡುತ್ತದೆ, ಇಂಜಿನ್ ಬಿಸಿಯಾದ ಮೇಲೆ ಹೊಗೆ ನಿಲ್ಲುತ್ತದೆ. ಮಾರುವುದಕ್ಕೆ ಮೊದಲು ಇಂಜಿನ್ ಬಿಚ್ಚಿಸಬೇಕಾಗುತ್ತದೆಯೇ?

ಮೆಕ್ಯಾನಿಕ್: ನಮಸ್ಕಾರ. ಈಗಲೇ ಬಿಚ್ಚಿಸಬೇಡಿ. ಇಂಜಿನ್ ತಣ್ಣಗಿರುವಾಗ ಮಾತ್ರ ಕಾಣಿಸಿಕೊಳ್ಳುವ ಬಿಳಿ ಹೊಗೆ ಹೆಚ್ಚಿನ ಸಂದರ್ಭಗಳಲ್ಲಿ ಪೂರ್ತಿ ಉರಿಯದ ಡೀಸೆಲ್‌ನದು. ಮೊದಲು ತಣ್ಣಗಿನ ಸಿಲಿಂಡರ್ ಒಳಗನ್ನು ಕಾಯಿಸುವ ಹೀಟರ್ ಪ್ಲಗ್‌ಗಳನ್ನು ಒಂದೊಂದಾಗಿ ಮೀಟರಿನಲ್ಲಿ ಪರೀಕ್ಷಿಸಿ, ಅವುಗಳಿಗೆ ಕರೆಂಟ್ ತಲುಪುತ್ತಿದೆಯೇ ಎಂದೂ ನೋಡಿ. ಅವು ಸರಿಯಿದ್ದರೆ ಡೀಸೆಲ್ ಸಿಂಪಡಿಸುವ ನಾಜಲ್ ನೋಡಿ, ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರ್‌ನಲ್ಲಿ ಗಾಳಿ ಎಷ್ಟು ಒತ್ತಲ್ಪಡುತ್ತದೆ ಎಂಬುದು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಹೆಡ್ ನಡುವಿನ ಸೀಲ್) ಬಗ್ಗೆ ಯೋಚಿಸಬೇಕು.

ಪ್ರಶ್ನೆ 2: ಮಾರುವ ಮುನ್ನ ಹೊಸ ಬಣ್ಣ ಹೊಡೆಸಿದರೆ ಹೆಚ್ಚು ಬೆಲೆ ಬರುತ್ತದೆಯೇ ಸರ್?

ಮೆಕ್ಯಾನಿಕ್: ಆ ಹಣವನ್ನು ಬ್ರೇಕ್ ಮತ್ತು ಟೈರ್‌ಗೆ ಹಾಕಿ. ತಿಳಿದವರು ಪಿಕಪ್ ನೋಡಲು ಬಂದರೆ ಮೊದಲು ಬಗ್ಗಿ ಚಾಸಿ ನೋಡುತ್ತಾರೆ. ಅದರಲ್ಲೂ ಲೀಫ್ ಸ್ಪ್ರಿಂಗ್‌ನ ಬ್ರಾಕೆಟ್‌ಗಳು ಚಾಸಿಗೆ ಸೇರುವ ಕಡೆ ತುಕ್ಕು ಹುಡುಕುತ್ತಾರೆ. ಅಲ್ಲಿ ಹೊಸ ಕಪ್ಪು ಬಣ್ಣ ಕಂಡರೆ ಅನುಮಾನ ಹೆಚ್ಚಾಗುತ್ತದೆಯೇ ಹೊರತು ಬೆಲೆಯಲ್ಲ. ಟೈರ್‌ನ ಪಕ್ಕದಲ್ಲಿರುವ ತಯಾರಿಕೆಯ ನಾಲ್ಕು ಅಂಕಿಗಳನ್ನೂ ಅವರು ಓದುತ್ತಾರೆ: 2319 ಎಂದಿದ್ದರೆ 2019ರ 23ನೆಯ ವಾರ.

ಪ್ರಶ್ನೆ 3: ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿದಾಗ ಕಿರುಗುಟ್ಟುತ್ತದೆ. ಕಾರಣವೇನಿರಬಹುದು?

ಪ್ರಶ್ನೆ 4: ಸರ್, ನನ್ನ ಪಿಕಪ್‌ನದು ಹಳೆಯ ಮಾದರಿಯ ಇಂಜಿನ್, ಮೆಕ್ಯಾನಿಕಲ್ ಡೀಸೆಲ್ ಪಂಪ್, ಟರ್ಬೊ ಇದೆ. ಆಯಿಲ್ ಕಡಿಮೆಯಾಗುವುದೇ ಇಲ್ಲ, ಬದಲಿಗೆ ಆಯಿಲ್ ಅಳೆಯುವ ಕಡ್ಡಿಯ ಮೇಲಿನ ಗುರುತನ್ನೂ ದಾಟಿ ಮೇಲೆ ನಿಂತಿದೆ. ಇಂಜಿನ್ ಆಯಿಲ್ ಕುಡಿಯುವುದಿಲ್ಲ ಎಂದು ಜಾಹೀರಾತಿನಲ್ಲಿ ಬರೆಯಬಹುದಲ್ಲವೇ? ಇತ್ತೀಚೆಗೆ ನ್ಯೂಟ್ರಲ್‌ನಲ್ಲಿ ನಿಂತಿದ್ದಾಗ ಆ್ಯಕ್ಸಿಲರೇಟರ್ ಒತ್ತದೆಯೂ ಒಮ್ಮೊಮ್ಮೆ ರೇಸ್ ಆಗುತ್ತದೆ. ನಾಳೆ ಒಬ್ಬರು ಗಾಡಿ ನೋಡಲು ಬರುತ್ತಿದ್ದಾರೆ.

ಮೆಕ್ಯಾನಿಕ್: ದಯವಿಟ್ಟು ಆ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ, ನಾಳೆ ಬರುವವರಿಗೂ ಬರಬೇಡಿ ಎಂದು ಈಗಲೇ ತಿಳಿಸಿಬಿಡಿ.

ಇಂಜಿನ್‌ನೊಳಗಿನ ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ಮಟ್ಟ ಏರಿದೆ ಎಂದರೆ ಬೇರೇನೋ ಬಂದು ಸೇರುತ್ತಿದೆ. ಅದು ಕೂಲೆಂಟ್ ಆಗಿರಬಹುದು, ಇಲ್ಲವೇ ಡೀಸೆಲ್. ಕೂಲೆಂಟ್ ಸೇರಿದ್ದರೆ ಆಯಿಲ್ ಕದಡಿದ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಡೀಸೆಲ್ ಸೇರಿದ್ದರೆ ಬಣ್ಣ ಕಪ್ಪಾಗಿಯೇ ಇರುತ್ತದೆ, ಆದರೆ ತೆಳುವಾಗಿ, ಕಡ್ಡಿ ಎತ್ತಿದ ಕೂಡಲೇ ತುದಿಯಿಂದ ತೊಟ್ಟಿಕ್ಕುತ್ತದೆ, ಮೂಗಿನ ಹತ್ತಿರ ಹಿಡಿದರೆ ಡೀಸೆಲ್ ವಾಸನೆ ಬರುತ್ತದೆ. ಒಂದು ಹನಿಯನ್ನು ಇಂಗುವ ಕಾಗದದ ಮೇಲೆ ಬಿಟ್ಟು ಕೆಲವು ಗಂಟೆ ಹಾಗೆಯೇ ಇಡಿ: ಮಸಿ ನಡುವೆ ಉಳಿದು, ಅದರ ಸುತ್ತ ಬೆಳಕು ಹಾಯುವಂಥ ತಿಳಿ ಉಂಗುರ ಹರಡಿದರೆ ಅದು ಡೀಸೆಲ್‌ನ ಗುರುತು.

ನನಗೆ ಆತಂಕ ತಂದಿರುವುದು ನೀವು ಕೊನೆಯಲ್ಲಿ ಹೇಳಿದ ಮಾತು. ಚೇಂಬರ್‌ನಲ್ಲಿ (ಇಂಜಿನ್ ತಳದ ಆಯಿಲ್ ತೊಟ್ಟಿ) ಮಟ್ಟ ಹೆಚ್ಚಿ ಆಯಿಲ್ ತೆಳುವಾದಾಗ, ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪ್ ಗಾಳಿ ಒಳಹೋಗುವ ದಾರಿಗೆ ಸೇರಿರುವ ಇಂಜಿನ್‌ಗಳಲ್ಲಿ ಆ ಆಯಿಲ್ ಗಾಳಿಯೊಂದಿಗೆ ಸಿಲಿಂಡರ್‌ಗೆ ಹೋಗಿ ಇಂಧನದಂತೆಯೇ ಉರಿಯತೊಡಗುತ್ತದೆ. ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದ ಸೀಲ್ ಸವೆದಿದ್ದರೆ ಅಲ್ಲಿಂದಲೂ ಹೋಗುತ್ತದೆ. ಡೀಸೆಲ್ ಇಂಜಿನ್‌ಗೆ ಉರಿಸಲು ಸ್ಪಾರ್ಕ್ ಬೇಕಿಲ್ಲ. ಕೀ ಆಫ್ ಮಾಡಿದರೆ ಪಂಪ್‌ನಿಂದ ಬರುವ ಡೀಸೆಲ್ ಮಾತ್ರ ನಿಲ್ಲುತ್ತದೆ, ಒಳಗಿನ ಆಯಿಲ್ ಉರಿಯುತ್ತಲೇ ಇರುತ್ತದೆ, ವೇಗ ಏರುತ್ತಲೇ ಹೋಗಿ ಇಂಜಿನ್ ಒಡೆಯುವವರೆಗೂ ನಿಲ್ಲದಿರಬಹುದು. ಕೀ ತೆಗೆದರೂ ಇಂಜಿನ್ ನಿಲ್ಲದಿದ್ದರೆ, ಮ್ಯಾನುವಲ್ ಗೇರ್ ಗಾಡಿಯಲ್ಲಿ ಬ್ರೇಕನ್ನು ಬಲವಾಗಿ ಒತ್ತಿಹಿಡಿದು, ಎಲ್ಲಕ್ಕಿಂತ ಮೇಲಿನ ಗೇರ್‌ಗೆ ಹಾಕಿ ಕ್ಲಚ್ ಬಿಡಬೇಕು. ಅದು ಆಗದಿದ್ದರೆ ಗಾಳಿ ಒಳಹೋಗುವ ಬಾಯಿಗೆ ಗಟ್ಟಿಯಾದ ಹಲಗೆ ಒತ್ತಬೇಕು. ಕೈ ಅಡ್ಡ ಇಡಬಾರದು, ಬಟ್ಟೆಯನ್ನಂತೂ ಇಡಲೇಬಾರದು, ಅದು ಒಳಕ್ಕೆ ಸೆಳೆದುಹೋಗುತ್ತದೆ. ಎರಡೂ ಸಾಧ್ಯವಾಗದಿದ್ದರೆ ಎಲ್ಲರೂ ದೂರ ಸರಿಯಿರಿ.

ಡೀಸೆಲ್ ಎಲ್ಲಿಂದ ಬರುತ್ತಿದೆ ಎಂದು ಈ ಕ್ರಮದಲ್ಲಿ ಹುಡುಕಿಸಿ. ಇಂಜಿನ್ ಬ್ಲಾಕ್‌ಗೆ ಕೂರಿಸಿದ ಫೀಡ್ ಪಂಪ್ (ಟ್ಯಾಂಕ್‌ನಿಂದ ಡೀಸೆಲ್ ಎಳೆಯುವುದು) ಇದ್ದರೆ ಅದರೊಳಗಿನ ತೆಳು ಪೊರೆ, ಅಂದರೆ ಡಯಾಫ್ರಾಮ್, ಹರಿದಿದೆಯೇ ನೋಡಿ. ಹರಿದಿದ್ದರೆ ಡೀಸೆಲ್ ನೇರವಾಗಿ ಚೇಂಬರ್‌ಗೆ ಇಳಿಯುತ್ತದೆ. ಆಮೇಲೆ ಡೀಸೆಲ್ ಪಂಪ್‌ನ ಶಾಫ್ಟ್ ಸೀಲ್: ಪಂಪ್ ಗೇರ್‌ನಿಂದ ತಿರುಗುವಂಥದ್ದಾದರೆ ಸೋರಿಕೆ ಆ ಗೇರ್‌ಗಳಿರುವ ಟೈಮಿಂಗ್ ಕೇಸ್ ಮೂಲಕ ಒಳಗೆ ಹೋಗುತ್ತದೆ, ಹೊರಗಿನ ಬೆಲ್ಟ್‌ನಿಂದ ತಿರುಗುವಂಥದ್ದಾದರೆ ಹೊರಗೇ ಕಾಣುತ್ತದೆ. ಕೊನೆಗೆ ನಾಜಲ್‌ಗಳನ್ನು ಬೆಂಚ್ ಮೇಲೆ ಪರೀಕ್ಷಿಸಬೇಕು; ತೊಟ್ಟಿಕ್ಕುವ ನಾಜಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿಸುತ್ತದೆ, ಆಗ ಪಿಸ್ಟನ್ ರಿಂಗ್‌ಗಳೂ ಸವೆಯುತ್ತವೆ. ಏನು ಸಿಕ್ಕಿತು ಎಂದು ಇಲ್ಲಿ ತಪ್ಪದೆ ತಿಳಿಸಿ.

ಪ್ರಶ್ನೆ 5: ನಮಸ್ಕಾರ, ಬೆಳಿಗ್ಗೆ ಬಿಳಿ ಹೊಗೆ ಬರುತ್ತದೆ, ಏನು ಮಾಡಬೇಕು?

ಮೆಕ್ಯಾನಿಕ್: ಮೊದಲ ಪ್ರಶ್ನೆಯ ಉತ್ತರ ಓದಿ.

ಸಾಗಣೆ ಕೆಲಸದ ಸದಸ್ಯರು: ಇನ್ನೊಂದು ಗುಂಪಿನಿಂದ ಬಂದದ್ದನ್ನು ಹಂಚಿಕೊಳ್ಳುತ್ತಿದ್ದೇನೆ: ಹೊಗೆ ಹೋಗಿಸಲು ಟ್ಯಾಂಕ್‌ಗೆ ಸ್ವಲ್ಪ ಪೆಟ್ರೋಲ್ ಬೆರೆಸಿ, ಸ್ಟಾರ್ಟ್ ಆಗದಿದ್ದರೆ ಏರ್ ಫಿಲ್ಟರ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಿರಿ, ಮಾರುವ ಮೊದಲು ದಪ್ಪ ಆಯಿಲ್ ಹಾಕಿ.

ಮೆಕ್ಯಾನಿಕ್: ಇವು ಮೂರೂ ಹಾನಿ ಮಾಡುವ ಸಲಹೆಗಳು. ಡೀಸೆಲ್‌ನ ಆವಿ ಹೊತ್ತಿಕೊಳ್ಳಲು ಸುಮಾರು 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಬೇಕು, ಪೆಟ್ರೋಲ್‌ನದು ಸೊನ್ನೆಗಿಂತ ಎಷ್ಟೋ ಕೆಳಗೂ ಹೊತ್ತಿಕೊಳ್ಳುತ್ತದೆ. ಬೆರೆಸಿದರೆ ಟ್ಯಾಂಕ್ ಅಪಾಯಕಾರಿಯಾಗುತ್ತದೆ, ಜಿಡ್ಡು ಕಡಿಮೆಯಾಗಿ ಪಂಪ್ ಸವೆಯುತ್ತದೆ. ಹೀಟರ್ ಪ್ಲಗ್ ಕಾದಿರುವಾಗ ಸ್ಪ್ರೇ ಹೊಡೆದರೆ ಅದು ಹೊತ್ತಬಾರದ ಹೊತ್ತಿನಲ್ಲಿ ಸ್ಫೋಟಿಸಿ ಪಿಸ್ಟನ್ ಒಡೆಯಬಹುದು. ದಪ್ಪ ಆಯಿಲ್ ರೋಗವನ್ನು ಮರೆಮಾಚುತ್ತದೆ, ಅಷ್ಟೇ. ಬರೆದವರು ಯಾರೆಂದು ಗೊತ್ತಿಲ್ಲದ ಸಂದೇಶಗಳನ್ನು ಇಲ್ಲಿಗೆ ತರಬೇಡಿ.

ಸಾಗಣೆ ಕೆಲಸದ ಸದಸ್ಯರು: ತಾವು ಹಾಗೆನ್ನುತ್ತೀರಿ, ಆದರೆ ದಪ್ಪ ಆಯಿಲ್ ಹಾಕಿ ಎಲ್ಲರೂ ಮಾರುತ್ತಾರೆ. ನೋಡಿ ಕೊಳ್ಳುವುದು ಕೊಳ್ಳುವವನ ಜವಾಬ್ದಾರಿ.

ಪಿಕಪ್ ಕೊಂಡ ಸದಸ್ಯರು: ನಾನು ಕೊಂಡದ್ದು ಅಂಥದ್ದೇ ಗಾಡಿ. ನೋಡಲು ಹೋದಾಗ ಇಂಜಿನ್ ಮೊದಲೇ ಬಿಸಿಯಾಗಿತ್ತು, ಹೊಗೆ ಕಾಣಲಿಲ್ಲ. ತುಂಬಿದ ಲೋಡ್‌ನೊಂದಿಗೆ ದಿಣ್ಣೆ ಹತ್ತುವಾಗ ಇಂಜಿನ್ ಬಿಗಿದುಕೊಂಡು ಸೀಜ್ ಆಯಿತು. ಇದನ್ನು ವ್ಯಾಪಾರ ಎನ್ನುತ್ತೀರಾ?

ಸಾಗಣೆ ಕೆಲಸದ ಸದಸ್ಯರು: ಹಳೆಯ ಗಾಡಿ ಕೊಂಡು ಹೊಸ ಗಾಡಿಯ ಭರವಸೆ ಕೇಳಿದರೆ ಹೇಗೆ?

ಪಿಕಪ್ ಕೊಂಡ ಸದಸ್ಯರು: ನಾನು ಕೇಳಿದ್ದು ಹೊಸ ಗಾಡಿಯ ಭರವಸೆಯಲ್ಲ, ಗೊತ್ತಿದ್ದದ್ದನ್ನು ಹೇಳಿ ಎಂದಷ್ಟೇ. ನಿಮ್ಮಂಥವರ ಕೈಯಿಂದ ಗಾಡಿ ಕೊಳ್ಳುವವರ ಬಗ್ಗೆ ಮರುಕವಾಗುತ್ತದೆ.

ಪ್ರಶ್ನೆ 3ರವರು: ಸ್ಟೀರಿಂಗ್ ಬಗ್ಗೆ ಕೇಳಿದ್ದೆ. ಜಗಳಕ್ಕೆ ಸಮಯವಿದೆ, ಉತ್ತರಕ್ಕೆ ಇಲ್ಲವೇ?

ಪ್ರಶ್ನೆ 6: ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಮಿಸ್ ಹೊಡೆಯುತ್ತಿದೆ. ಯಾವುದೆಂದು ತಿಳಿಯುವುದು ಹೇಗೆ?

ಸಾಗಣೆ ಕೆಲಸದ ಸದಸ್ಯರು: ಇಂಜಿನ್ ಓಡುತ್ತಿರುವಾಗ ನಾಜಲ್ ಪೈಪ್‌ನ ನಟ್‌ಗಳನ್ನು ಒಂದೊಂದಾಗಿ ಸಡಿಲಿಸಿ. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಅದೇ ಕೆಟ್ಟಿರುವ ಸಿಲಿಂಡರ್. ಇದು ಫಾರ್ವರ್ಡ್ ಅಲ್ಲ, ನಾನೇ ಮಾಡುವುದು.

ಪಿಕಪ್ ಕೊಂಡ ಸದಸ್ಯರು: ಇದೂ ಅಪಾಯದ ಸಲಹೆಯೇ.

ಸಾಗಣೆ ಕೆಲಸದ ಸದಸ್ಯರು: ನಿಮಗೆ ಏನೂ ಗೊತ್ತಿಲ್ಲದೆ ಮಾತಾಡಬೇಡಿ.

ಮೆಕ್ಯಾನಿಕ್: ಇಬ್ಬರೂ ಅರ್ಧ ಹೇಳಿದ್ದೀರಿ. ಹಳೆಯ ಮೆಕ್ಯಾನಿಕಲ್ ಪಂಪ್‌ನ ಇಂಜಿನ್‌ನಲ್ಲಿ ಇದು ವರ್ಕ್‌ಶಾಪ್‌ನವರು ಎಚ್ಚರದಿಂದ ಮಾಡುವ ಪರೀಕ್ಷೆ. ಕಾಮನ್ ರೈಲ್ ಇಂಜಿನ್‌ನಲ್ಲಿ (ಎಲ್ಲ ನಾಜಲ್‌ಗಳಿಗೂ ಒಂದೇ ಪೈಪ್‌ನಿಂದ ಡೀಸೆಲ್ ಹೋಗುವ ಮಾದರಿ) ಒತ್ತಡ 1,000 ಬಾರ್‌ಗೂ ಮೀರಬಹುದು, ಇಂಜಿನ್ ಓಡುತ್ತಿರುವಾಗ ಅಲ್ಲಿ ನಟ್ ಮುಟ್ಟಲೇಬಾರದು. ಎಲ್ಲಿ ಸೋರುತ್ತಿದೆ ಎಂದು ಬೆರಳಿಟ್ಟು ನೋಡುವವರೂ ಇದ್ದಾರೆ. ಆ ಧಾರೆ ಚರ್ಮ ಸೀಳಿ ಒಳಗೆ ಡೀಸೆಲ್ ತುಂಬುತ್ತದೆ. ಗಾಯ ಸೂಜಿಮೊನೆಯಷ್ಟು ಕಂಡರೂ ತಡಮಾಡದೆ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು, ಇಲ್ಲದಿದ್ದರೆ ಬೆರಳು ಉಳಿಯದೆ ಹೋಗಬಹುದು. ಪ್ರಶ್ನೆ ಕೇಳಿದವರು ತಮ್ಮದು ಯಾವ ಪಂಪ್ ಎಂದು ಹೇಳಿಯೇ ಇಲ್ಲ, ನೀವಾಗಲೇ ಉತ್ತರ ಕೊಟ್ಟಾಗಿದೆ.

ಪ್ರಶ್ನೆ 7: ಬಿಳಿ ಹೊಗೆಗೆ ಏನಾದರೂ ಮದ್ದು ಇದೆಯೇ ಸರ್?

ಮೆಕ್ಯಾನಿಕ್: ಮೇಲೆ ಇದೆ.

ಪ್ರಶ್ನೆ 8: ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದೆಂದು ಹಳೆಯ ಮಾಲೀಕರಿಗೂ ಗೊತ್ತಿಲ್ಲ.

ಮೆಕ್ಯಾನಿಕ್: ಹಾಗಿದ್ದರೆ ಬದಲಿಸಿ. ಅದು ಕಿತ್ತುಹೋದರೆ ವಾಲ್ವ್‌ಗಳಿಗೆ ಪಿಸ್ಟನ್ ಬಡಿಯುತ್ತದೆ. ಬಿಲ್ ಇಟ್ಟುಕೊಳ್ಳಿ, ಮಾರುವಾಗ ಬೇಕಾಗುತ್ತದೆ.

ಪ್ರಶ್ನೆ 4ರವರು: ಸರ್, ನೀವು ಹೇಳಿದಂತೆ ಸ್ಟಾರ್ಟ್ ಮಾಡಲಿಲ್ಲ. ಕಾಗದದ ಮೇಲೆ ಹನಿ ಬಿಟ್ಟಾಗ ಸುತ್ತ ತಿಳಿ ಉಂಗುರ ಹರಡಿತು. ಫೀಡ್ ಪಂಪ್ ಬಿಚ್ಚಿಸಿದಾಗ ಡಯಾಫ್ರಾಮ್‌ನ ಅಂಚು ಸೀಳಿತ್ತು. ಪಂಪ್ ಬದಲಿಸಿ ಆಯಿಲ್ ಹಾಕಿದರೆ ಸಾಕೇ? ಬರಬೇಕಿದ್ದವರು ಇನ್ನೂ ಕಾಯುತ್ತಿದ್ದಾರೆ.

ಸಾಗಣೆ ಕೆಲಸದ ಸದಸ್ಯರು: ಪಂಪ್ ಬದಲಾದ ಮೇಲೆ ಅವರಿಗೆ ಏನೂ ಹೇಳುವ ಅಗತ್ಯವಿಲ್ಲ.

ಮೆಕ್ಯಾನಿಕ್: ಖಂಡಿತ ಹೇಳಬೇಕು. ಈ ಮಾತನ್ನು ಇನ್ನೊಮ್ಮೆ ಇಲ್ಲಿ ಬರೆಯಬೇಡಿ.

ಗಾಡಿಯವರಿಗೆ: ಒಳ್ಳೆಯ ಕೆಲಸ ಮಾಡಿದಿರಿ. ಹಳೆಯ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಕೂಡ ಬದಲಿಸಿ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲ್ ಅನ್ನೇ ಹಾಕಿ. ಬ್ರೀದರ್ ಪೈಪ್ ಮತ್ತು ಟರ್ಬೊದಿಂದ ಇಂಜಿನ್‌ಗೆ ಬರುವ ಪೈಪ್‌ಗಳಲ್ಲಿ ನಿಂತಿರುವ ಆಯಿಲನ್ನು ತೆಗೆದು ಒರೆಸಿದ ಮೇಲೆಯೇ ಸ್ಟಾರ್ಟ್ ಮಾಡಿ, ಹಲಗೆ ಹಿಡಿದು ಒಬ್ಬರು ಪಕ್ಕದಲ್ಲಿರಲಿ. ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಆಯಿಲ್ ಚೇಂಬರ್‌ಗೆ ಇಳಿದ ಮೇಲೆ ಕಡ್ಡಿ ನೋಡಿ. ಮಟ್ಟ ಮತ್ತೆ ಏರಿದರೆ ಪಂಪ್ ಸೀಲ್ ಮತ್ತು ನಾಜಲ್ ನೋಡಿಸಬೇಕು. ಏರದಿದ್ದರೂ ಕೆಲಸ ಮುಗಿಯಲಿಲ್ಲ, ಏಕೆಂದರೆ ತೆಳುವಾದ ಆಯಿಲ್‌ನಲ್ಲಿ ಇಂಜಿನ್ ಎಷ್ಟು ಓಡಿದೆಯೋ ಅಷ್ಟು ಬೇರಿಂಗ್‌ಗಳು ಸವೆದಿರುತ್ತವೆ. ಡ್ಯಾಶ್‌ಬೋರ್ಡ್‌ನ ದೀಪವನ್ನು ನಂಬದೆ, ಇಂಜಿನ್ ಬಿಸಿಯಾಗಿರುವಾಗ ಗೇಜ್ ಹಾಕಿ ಆಯಿಲ್ ಒತ್ತಡ ಅಳೆಸಿ. ಕೈಪಿಡಿಯ ಅಳತೆಗಿಂತ ಕಡಿಮೆಯಿದ್ದರೆ ಚೇಂಬರ್ ಇಳಿಸಿ ಬೇರಿಂಗ್ ನೋಡಿಸದೆ ಮಾರಬೇಡಿ.

ಒತ್ತಡ ಸರಿಯಿದ್ದರೆ ಕಾಯುತ್ತಿರುವವರನ್ನು ಕರೆಯಿರಿ, ಆದರೆ ಇಂಜಿನ್ ತಣ್ಣಗಿರುವಾಗ ಕರೆಯಿರಿ, ಸ್ಟಾರ್ಟ್ ಅವರೇ ಮಾಡಲಿ. ಸೀಳಿದ ಡಯಾಫ್ರಾಮ್, ಪಂಪ್‌ನ ಬಿಲ್, ಅಳೆದ ಒತ್ತಡದ ಅಂಕಿ ಈ ಮೂರನ್ನೂ ಅವರ ಕೈಗೆ ಕೊಟ್ಟು, ಆಯಿಲ್‌ಗೆ ಡೀಸೆಲ್ ಸೇರಿತ್ತು ಎಂದು ಬರೆದುಕೊಡಿ. ಅವರು ಬೆಲೆ ಇಳಿಸಿ ಕೇಳಿದರೆ ಅದು ನ್ಯಾಯವಾದ ಬೇಡಿಕೆಯೇ.